ಮ್ಯಾಕ್ರೊ ಓಡಲಿ, ಹೇಳಿದ ಹೊತ್ತಿಗೆ

ದಾಳಿಂಬೆ ಗಿಡದ ಸ್ವಭಾವ ವಿಚಿತ್ರ. ನೀರು, ಗೊಬ್ಬರ ಸಿಗುತ್ತ ಹೋದರೆ ಅದು ವರ್ಷವಿಡೀ ಆಗೊಮ್ಮೆ ಈಗೊಮ್ಮೆ ಹೂ ಬಿಡುತ್ತಲೇ ಇರುತ್ತದೆ. ಒಂದೇ ಗಿಡದಲ್ಲಿ ಮೊಗ್ಗು, ಹೀಚು, ಬಲಿತ ಕಾಯಿ, ಒಡೆದ ಹಣ್ಣು ಎಲ್ಲವೂ ಒಟ್ಟಿಗೆ ಕಂಡರೆ ನೋಡುವವರಿಗೆ ಚೆಂದ, ಬೆಳೆದವರಿಗೆ ಕಷ್ಟ. ಯಾವ ಕಾಯಿಗೆ ಯಾವಾಗ ಔಷಧ ಹೊಡೆಯಬೇಕು, ಯಾವಾಗ ಕೊಯ್ಯಬೇಕು ಎಂಬುದು ತಿಳಿಯದೆ ಹೋಗುತ್ತದೆ.

ಅದಕ್ಕಾಗಿ ಘಟಪ್ರಭೆಯ ದಡದ ಕಲಾದಗಿ ಸೀಮೆಯಲ್ಲಿ, ದಾಳಿಂಬೆ ಬೆಳೆಯುವ ಉಳಿದ ಊರುಗಳಲ್ಲಿ ಇರುವಂತೆಯೇ, 'ಬಹಾರ್' ಹಿಡಿಯುವ ಪದ್ಧತಿ ಇದೆ. ಕೆಲವು ವಾರ ನೀರು ನಿಲ್ಲಿಸಿ ಗಿಡವನ್ನು ಒಣಗಿಸುತ್ತಾರೆ. ಎಲೆ ಉದುರುತ್ತದೆ. ರೆಂಬೆಗಳನ್ನು ಹದವಾಗಿ ಕತ್ತರಿಸಿ, ಗೊಬ್ಬರ ಹಾಕಿ, ಮತ್ತೆ ನೀರು ಬಿಡುತ್ತಾರೆ. ಆಗ ತೋಟಕ್ಕೆ ತೋಟವೇ ಒಟ್ಟಿಗೆ ಹೂವಾಗುತ್ತದೆ. ಮಾವು ಹೂಬಿಡುವ ಕಾಲಕ್ಕೆ ಬಂದರೆ ಅಂಬೆ ಬಹಾರ್, ಮೃಗಶಿರಾ ಮಳೆಗೆ ಬಂದರೆ ಮೃಗ ಬಹಾರ್, ಹಸ್ತಾ ಮಳೆಗೆ ಬಂದರೆ ಹಸ್ತ ಬಹಾರ್. ಹೂ ಬಿಡುವುದು ಗಿಡದ ಕೆಲಸ. ಯಾವಾಗ ಬಿಡಬೇಕು ಎಂಬುದನ್ನು ಗೊತ್ತುಮಾಡುವುದು ಮಾತ್ರ ಬೆಳೆಗಾರನ ಕೆಲಸ.

ಕಂಪ್ಯೂಟರಿನಲ್ಲಿಯೂ ಇಂಥದೇ ಒಂದು ಸಂಗತಿ ಇದೆ. ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆಯಲ್ಲಿ ತಾನಾಗಿಯೇ ಓಡುವ 'ಮ್ಯಾಕ್ರೊ' ಅದು. ಅದನ್ನು ಬರೆಯುವುದನ್ನು ಈಗ ಅನೇಕ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ. ಆದರೆ ಅದು ಯಾವಾಗ ಓಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಗೊತ್ತುಮಾಡುವ ವಿದ್ಯೆಯನ್ನು ಕಲಿಯುವವರು ಕಡಿಮೆ. ತೊಂದರೆಗಳು ಹುಟ್ಟುವುದು ಅಲ್ಲಿಯೇ.

ಮ್ಯಾಕ್ರೊ ಎಂದರೇನು?

ಸ್ಪ್ರೆಡ್‌ಶೀಟ್ ಎಂದರೆ ಅಡ್ಡ ಸಾಲು, ಉದ್ದ ಸಾಲುಗಳಿಂದಾದ ಚೌಕಗಳ ಹಾಳೆ. ಒಂದು ಚೌಕದಲ್ಲಿ ಅಂಕಿ ಬರೆದು ಇನ್ನೊಂದರಲ್ಲಿ ಸೂತ್ರ ಬರೆದರೆ ಉತ್ತರ ತಾನಾಗಿ ಬರುತ್ತದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಸಿದ್ಧಪಡಿಸಿದ 'ವಿಸಿಕ್ಯಾಲ್ಕ್' ಪರ್ಸನಲ್ ಕಂಪ್ಯೂಟರಿಗೆ ಇಂಥ ಹಾಳೆಯನ್ನು ಮೊದಲು ತಂದಿತು. 1983ರಲ್ಲಿ ಬಂದ 'ಲೋಟಸ್ 1-2-3' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪದೇ ಪದೇ ಒತ್ತಬೇಕಾದ ಕೀಲಿಗಳ ಸರಣಿಯನ್ನು ಒಂದು ಹೆಸರಿನಲ್ಲಿ ಬರೆದಿಟ್ಟು, ಬೇಕಾದಾಗ ಒಂದೇ ಏಟಿಗೆ ಓಡಿಸುವ ಅನುಕೂಲ ಅದರಲ್ಲಿತ್ತು. ಅದೇ ಮ್ಯಾಕ್ರೊ. 1993ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ 'ಎಕ್ಸೆಲ್'ನ 5ನೆಯ ಆವೃತ್ತಿಯಲ್ಲಿ 'ವಿಷುವಲ್ ಬೇಸಿಕ್' ಭಾಷೆಯನ್ನು ಸೇರಿಸಿತು. ಅಲ್ಲಿಂದ ಮುಂದೆ ಮ್ಯಾಕ್ರೊ ಎಂದರೆ ಬರೀ ಕೀಲಿಗಳ ಸರಣಿಯಲ್ಲ, ಪೂರ್ಣ ಪ್ರಮಾಣದ ಒಂದು ಪ್ರೋಗ್ರಾಮು.

ಸೂತ್ರಕ್ಕೂ ಮ್ಯಾಕ್ರೊಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮೊದಲೇ ತಿಳಿದುಕೊಳ್ಳಬೇಕು. ಸೂತ್ರವು ತಾನಿರುವ ಚೌಕದಲ್ಲಿ ಉತ್ತರ ತೋರಿಸುತ್ತದೆ, ಬೇರೆ ಚೌಕಗಳನ್ನು ಮುಟ್ಟುವುದಿಲ್ಲ. ಮ್ಯಾಕ್ರೊ ಹಾಗಲ್ಲ. ಅದು ಸಾಲುಗಳನ್ನು ಅಳಿಸಬಲ್ಲದು, ಹೊಸ ಹಾಳೆ ಸೇರಿಸಬಲ್ಲದು, ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಬಲ್ಲದು, ಮುದ್ರಣಕ್ಕೆ ಕಳಿಸಬಲ್ಲದು. ಎಕ್ಸೆಲ್‌ನಲ್ಲಿ ಇನ್ನೊಂದು ತೊಡಕಿದೆ. ಕೈಯಿಂದ ಮಾಡಿದ ತಪ್ಪನ್ನು 'ಅನ್‌ಡೂ' ಒತ್ತಿ ಹಿಂದಕ್ಕೆ ತರಬಹುದು. ಮ್ಯಾಕ್ರೊ ಹಾಳೆಯನ್ನು ಬದಲಿಸಿತೆಂದರೆ ಆ ಹಿಂದಿನ ಹೆಜ್ಜೆಗಳ ನೆನಪೇ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಹೀಗಿರುವಾಗ ಅದು ಯಾವ ಗಳಿಗೆಯಲ್ಲಿ ಓಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಚಾಲನೆ ಕೊಡುವ ನಾಲ್ಕು ಬಗೆ

ಮ್ಯಾಕ್ರೊಗೆ ಚಾಲನೆ ಕೊಡುವ ಬಗೆಗಳು ಮುಖ್ಯವಾಗಿ ನಾಲ್ಕು.

ಒಂದನೆಯದು, ಗುಂಡಿ ಒತ್ತುವುದು. ಹಾಳೆಯ ಮೇಲೆ ಒಂದು ಗುಂಡಿ ಇಟ್ಟು ಅದಕ್ಕೆ ಮ್ಯಾಕ್ರೊವನ್ನು ಜೋಡಿಸಿದರೆ, ಒತ್ತಿದಾಗ ಮಾತ್ರ ಓಡುತ್ತದೆ. ಇಳಕಲ್ಲಿನ ಸೀರೆ ನೇಯುವ ಕುಣಿಮಗ್ಗವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೇಕಾರನ ಕಾಲು ಕೆಳಗಿನ ಹಲಗೆಯನ್ನು ತುಳಿಯುವವರೆಗೆ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿಯುವುದಿಲ್ಲ. ಹೊತ್ತು ಪೂರ್ತಿ ಮನುಷ್ಯನ ಹಿಡಿತದಲ್ಲಿರುತ್ತದೆ.

ಎರಡನೆಯದು, ಫೈಲು ತೆರೆದಾಗ ಓಡುವುದು. ಎಕ್ಸೆಲ್‌ನಲ್ಲಿ 'ವರ್ಕ್‌ಬುಕ್ ಓಪನ್' ಎಂಬ ಹೆಸರಿನಡಿ ಬರೆದ ಆದೇಶಗಳು ಫೈಲು ತೆರೆದ ಕೂಡಲೇ ಜಾರಿಗೆ ಬರುತ್ತವೆ. ಉಳಿಸುವ ಮುನ್ನ, ಮುಚ್ಚುವ ಮುನ್ನ ಓಡುವಂಥವೂ ಇವೆ. ಇದು ಹೊಸದೇನಲ್ಲ, ಲೋಟಸ್ ಕಾಲದಲ್ಲಿಯೂ ಫೈಲು ತೆರೆದೊಡನೆ ಓಡುವ ಮ್ಯಾಕ್ರೊಗೆ ಪ್ರತ್ಯೇಕ ಹೆಸರಿತ್ತು.

ಮೂರನೆಯದು, ಹಾಳೆಯಲ್ಲಿ ಏನಾದರೂ ಬದಲಾದಾಗ ಓಡುವುದು. ಇದರ ಹೆಸರು 'ವರ್ಕ್‌ಶೀಟ್ ಚೇಂಜ್'. ಯಾವುದೋ ಚೌಕದಲ್ಲಿ ಬರೆದರೂ, ಅಂಟಿಸಿದರೂ, ಅಳಿಸಿದರೂ ಇದಕ್ಕೆ ಕರೆ ಹೋಗುತ್ತದೆ. ಸೂತ್ರದ ಉತ್ತರ ಮಾತ್ರ ಬದಲಾದರೆ ಕರೆ ಹೋಗುವುದಿಲ್ಲ. ಅದಕ್ಕೆ 'ಕ್ಯಾಲ್ಕ್ಯುಲೇಟ್' ಎಂಬ ಬೇರೆ ಘಟನೆ ಇದೆ.

ನಾಲ್ಕನೆಯದು, ಗಡಿಯಾರಕ್ಕೆ ಕಟ್ಟುವುದು. ಇಷ್ಟು ಗಂಟೆಗೆ ಓಡು ಎಂದು 'ಆನ್‌ಟೈಮ್' ಎಂಬ ಆದೇಶದಿಂದ ಗೊತ್ತುಮಾಡಬಹುದು.

ಈ ನಾಲ್ಕರಲ್ಲಿ ಮೂರನೆಯದು ಅತ್ಯಂತ ಉಪಯುಕ್ತ, ಅಷ್ಟೇ ಅಪಾಯಕಾರಿ. ಅದರ ಸರಿಯಾದ ಬಳಕೆಗೆ ಕನ್ನಡ ನಾಡಿನ ಎಂಜಿನಿಯರೊಬ್ಬರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ಮಾದರಿ ತೋರಿಸಿದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ಮುಂದೆ ಗ್ವಾಲಿಯರ್‌ನ ಟಿಗ್ರಾದಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಅಂಥವು ಬಂದವು. ನೀರು ನಿಗದಿತ ಮಟ್ಟ ದಾಟಿದಾಗ ಆ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಇಲ್ಲಿ ಗಮನಿಸಬೇಕಾದ ಮಾತು 'ನಿಗದಿತ ಮಟ್ಟ' ಎಂಬುದು. ನೀರಿನ ಪ್ರತಿಯೊಂದು ಅಲೆಗೂ ಬಾಗಿಲು ತೆರೆದುಕೊಂಡಿದ್ದರೆ ಜಲಾಶಯ ತುಂಬುವುದೆಂತು? ತಾನಾಗಿ ನಡೆಯುವ ಕೆಲಸಕ್ಕೆ ಕರೆ ಬಂದರೆ ಸಾಲದು, ಕರೆ ಬಂದಾಗ ಓಡಬೇಕೋ ಬೇಡವೋ ಎಂದು ತೀರ್ಮಾನಿಸುವ ಒಂದು ಷರತ್ತೂ ಬೇಕು.

ಒಂದು ತೋಟದ ಹಾಳೆ

ಷರತ್ತಿಲ್ಲದ ಮ್ಯಾಕ್ರೊ ಏನು ಮಾಡುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು.

ದಾಳಿಂಬೆ ಬೆಳೆಗಾರನೊಬ್ಬನ ಮಗಳು ಪಿಯುಸಿ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ದಾಳಿಂಬೆಗೆ ತಗಲುವ ದುಂಡಾಣು ಅಂಗಮಾರಿ ರೋಗ ಮಳೆ, ಮೋಡದ ದಿನಗಳಲ್ಲಿ ಬೇಗ ಹರಡುತ್ತದೆ. ಯಾವ ಔಷಧವನ್ನು ಎಂದು ಹೊಡೆಯಲಾಯಿತು ಎಂಬ ಲೆಕ್ಕ ಅಂಥ ತೋಟಕ್ಕೆ ಬಹಳ ಮುಖ್ಯ. ತಂದೆಯ ವಹಿಯನ್ನು ಆಕೆ ಸ್ಪ್ರೆಡ್‌ಶೀಟಿಗೆ ಇಳಿಸಿದಳು. ಔಷಧದ ಹೆಸರು, ಬೆರೆಸಿದ ನೀರು, ದಿನಾಂಕ, ಮುಂದಿನ ಸಿಂಪಡಣೆಯ ದಿನ ಎಂದು ನಾಲ್ಕು ಕಾಲಂ. ಸಾಲಿನಲ್ಲಿ ಏನಾದರೂ ಬರೆದ ಕೂಡಲೇ ಆ ದಿನದ ದಿನಾಂಕ ತಾನಾಗಿ ಬೀಳುವಂತೆ ಒಂದು ಚಿಕ್ಕ ಮ್ಯಾಕ್ರೊ ಬರೆದಳು. ಅದಕ್ಕೆ 10 ದಿನ ಕೂಡಿಸಿ ಮುಂದಿನ ದಿನ ತೋರಿಸುವಂತೆ ಸೂತ್ರ ಹಾಕಿದಳು.

ಜುಲೈ 3ರಂದು ಔಷಧ ಹೊಡೆದರು. ಹಾಳೆಯಲ್ಲಿ 3 ಎಂದು ಬಿತ್ತು, ಮುಂದಿನ ದಿನ 13 ಎಂದು ಬಂತು. 9ನೆಯ ತಾರೀಖು ಆಕೆಗೆ ನೀರಿನ ಲೆಕ್ಕ ತಪ್ಪಿದ್ದು ಕಂಡಿತು. 200 ಲೀಟರ್ ಇದ್ದದ್ದನ್ನು 250 ಎಂದು ತಿದ್ದಿದಳು. ಮ್ಯಾಕ್ರೊಗೆ ಹೊಸದಾಗಿ ಬರೆದದ್ದು ಯಾವುದು, ತಿದ್ದಿದ್ದು ಯಾವುದು ಎಂಬ ಭೇದವಿಲ್ಲ. ಅದಕ್ಕೆ ಬದಲಾವಣೆ ಎಂದರೆ ಬದಲಾವಣೆ. ಅದು 3 ಇದ್ದಲ್ಲಿ 9 ಎಂದು ಬರೆಯಿತು. ಮುಂದಿನ ದಿನ ತಾನಾಗಿ 19ಕ್ಕೆ ಜಾರಿತು.

"ಏನವಾ, ಎಣ್ಣಿ ಹೊಡೆದದ್ದು ಮೂರಕ್ಕ. ಇಲ್ಲಿ ಒಂಬತ್ತು ಅಂತ ಹೆಂಗ ಬಂತು?"

"ನಾ ತಾರೀಖು ಮುಟ್ಟೇ ಇಲ್ಲಪ್ಪಾ. ನೀರಿನ ಲೆಕ್ಕ ಅಷ್ಟ ತಿದ್ದೀನಿ."

ತಂದೆ ಹೀಗೆ ಕೇಳಿದ್ದರೆ ಬಚಾವು. ಕೇಳದೆ ಹಾಳೆಯನ್ನೇ ನಂಬಿದ್ದರೆ, ಮಳೆಯ ದಿನಗಳಲ್ಲಿ ತೋಟ 6 ದಿನ ರಕ್ಷಣೆಯಿಲ್ಲದೆ ಉಳಿಯುತ್ತಿತ್ತು. ಮಗಳು ಸುಳ್ಳು ಹೇಳಿಲ್ಲ. ಮ್ಯಾಕ್ರೊ ಕೂಡ ಹೇಳಿದ್ದನ್ನೇ ಮಾಡಿದೆ. ತಪ್ಪಿದ್ದು ಹೊತ್ತು.

ಇದನ್ನು ಸರಿಪಡಿಸುವುದು ಕಷ್ಟವೇನಲ್ಲ. ಮ್ಯಾಕ್ರೊದ ಆರಂಭದಲ್ಲಿ ಮೂರು ಪ್ರಶ್ನೆಗಳನ್ನು ಬರೆಯಬೇಕು. ಬದಲಾದ ಚೌಕ ಔಷಧದ ಹೆಸರಿನ ಕಾಲಂನಲ್ಲಿದೆಯೇ? ಇಲ್ಲವಾದರೆ ಹಿಂದಿರುಗು. ಆ ಚೌಕ ಈಗ ಖಾಲಿಯಾಗಿದೆಯೇ, ಅಂದರೆ ಯಾರಾದರೂ ಅಳಿಸಿದ್ದೇ? ಹೌದಾದರೆ ಹಿಂದಿರುಗು. ದಿನಾಂಕದ ಚೌಕದಲ್ಲಿ ಮೊದಲೇ ಏನಾದರೂ ಇದೆಯೇ? ಇದ್ದರೆ ಮುಟ್ಟಬೇಡ. ಮೂರನ್ನೂ ದಾಟಿದರೆ ಮಾತ್ರ ದಿನಾಂಕ ಬರೆ. ಎಕ್ಸೆಲ್‌ನಲ್ಲಿ ಬದಲಾದ ಚೌಕಕ್ಕೆ 'ಟಾರ್ಗೆಟ್' ಎಂದು ಹೆಸರು. ಅದು ಬೇಕಾದ ಕಾಲಂನಲ್ಲಿದೆಯೇ ಎಂದು ನೋಡಲು 'ಇಂಟರ್‌ಸೆಕ್ಟ್' ಎಂಬ ಆದೇಶವಿದೆ. ವಿಶ್ವೇಶ್ವರಯ್ಯನವರ ಬಾಗಿಲಿಗಿದ್ದ 'ನಿಗದಿತ ಮಟ್ಟ' ಇಲ್ಲಿ ಈ ಮೂರು ಪ್ರಶ್ನೆಗಳ ರೂಪದಲ್ಲಿದೆ.

ಆದರೂ ಒಂದು ಮಾತು ಉಳಿಯುತ್ತದೆ. ಔಷಧ ಹೊಡೆದ ದಿನ ಬೇರೆ, ಹಾಳೆಯಲ್ಲಿ ಬರೆದ ದಿನ ಬೇರೆ. ಸೋಮವಾರ ಹೊಡೆದು ಬುಧವಾರ ಬರೆದರೆ ಮ್ಯಾಕ್ರೊಗೆ ಬುಧವಾರವೇ ಗೊತ್ತು. ಆದಕಾರಣ ಹೊಡೆದ ದಿನವನ್ನು ಕೈಯಿಂದಲೇ ಬರೆದು, ಬರೆದ ದಿನವನ್ನು ಪಕ್ಕದ ಕಾಲಂನಲ್ಲಿ ಮ್ಯಾಕ್ರೊ ಬರೆಯುವಂತೆ ಬಿಡುವುದು ಒಳ್ಳೆಯದು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಕೀಲಿಯನ್ನು ಹಿಡಿದು ಅರ್ಧವಿರಾಮ ಚಿಹ್ನೆಯ ಕೀಲಿ ಒತ್ತಿದರೆ ಆ ದಿನದ ದಿನಾಂಕ ಬಿದ್ದು ಹಾಗೆಯೇ ನಿಲ್ಲುತ್ತದೆ. ಅದರ ಬದಲು 'ಟುಡೇ' ಎಂಬ ಸೂತ್ರ ಹಾಕಿದರೆ, ಫೈಲನ್ನು ನಾಳೆ ತೆರೆದಾಗ ಅದು ನಾಳೆಯ ದಿನಾಂಕ ತೋರಿಸುತ್ತದೆ. ದಾಖಲೆಯ ಹಾಳೆಯಲ್ಲಿ ಆ ಸೂತ್ರವನ್ನು ಎಂದೂ ಬಳಸಬಾರದು.

ಸಾಲು ಜಿಗಿದ ಅಂಕಪಟ್ಟಿ

ಎರಡನೆಯ ಉದಾಹರಣೆ ಶಾಲೆಯದು. ಇದು ವಿದ್ಯಾರ್ಥಿಗಳಿಗೂ ಪಾಲಕರಿಗೂ ಹೆಚ್ಚು ಹತ್ತಿರದ ವಿಷಯ.

ಅ, ಆ, ಇ ಎಂಬ ಮೂವರು ವಿದ್ಯಾರ್ಥಿಗಳಿದ್ದಾರೆ. ಕನ್ನಡದಲ್ಲಿ 25ಕ್ಕೆ ಕ್ರಮವಾಗಿ 24, 23, 20 ಅಂಕ ಬಂದಿವೆ. ಹೆಚ್ಚು ಸರಾಸರಿ ಇರುವವರು ಮೇಲೆ ಬರುವಂತೆ ಹಾಳೆಯನ್ನು ಜೋಡಿಸುವ ಮ್ಯಾಕ್ರೊ ಒಂದಿದೆ. ಅದು ಪ್ರತಿ ಬದಲಾವಣೆಗೂ ಓಡುತ್ತದೆ. ಈಗ ಗಣಿತದ ಅಂಕ ತುಂಬಬೇಕು. ಉತ್ತರಪತ್ರಿಕೆಗಳನ್ನು ಹಾಳೆಯಲ್ಲಿರುವ ಕ್ರಮದಲ್ಲಿಯೇ ಅ, ಆ, ಇ ಎಂದು ಜೋಡಿಸಿಕೊಂಡು ಒಬ್ಬರು ಅಂಕಗಳನ್ನು ಬೆರಳಚ್ಚಿಸುತ್ತ ಹೋಗುತ್ತಾರೆ.

ಮೊದಲ ಸಾಲಿನಲ್ಲಿ ಅ ವಿದ್ಯಾರ್ಥಿಗೆ 12 ಎಂದು ಬರೆದು ಎಂಟರ್ ಒತ್ತಿದರು. ಅ ವಿದ್ಯಾರ್ಥಿಯ ಸರಾಸರಿ 18ಕ್ಕೆ ಇಳಿಯಿತು. ಮ್ಯಾಕ್ರೊ ಕೂಡಲೇ ಓಡಿ ಸಾಲುಗಳನ್ನು ಮರುಜೋಡಿಸಿತು. ಈಗ ಕ್ರಮ ಆ, ಇ, ಅ. ಕರ್ಸರ್ ಮಾತ್ರ ಎರಡನೆಯ ಸಾಲಿನಲ್ಲಿ ನಿಂತಿದೆ. ಅಲ್ಲಿ ಈಗ ಇರುವುದು ಇ ವಿದ್ಯಾರ್ಥಿ. ಕಣ್ಣು ಉತ್ತರಪತ್ರಿಕೆಯ ಮೇಲೆ, ಬೆರಳು ಕೀಲಿಯ ಮೇಲೆ. ಆ ವಿದ್ಯಾರ್ಥಿಯ ಅಂಕ ಇ ವಿದ್ಯಾರ್ಥಿಯ ಸಾಲಿಗೆ ಬಿತ್ತು.

ಇಲ್ಲಿ ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಬಿದ್ದದ್ದು 25ರೊಳಗಿನ ಅಂಕಿಯೇ. ಸೂತ್ರಗಳು ಸರಿ, ಮೊತ್ತವೂ ಸರಿ, ಆದರೆ ಒಬ್ಬರ ಶ್ರಮ ಇನ್ನೊಬ್ಬರ ಹೆಸರಿಗೆ ಹೋಗಿದೆ. ಚೆನ್ನಾಗಿ ಬರೆದ ಮಗುವಿಗೆ ಮನೆಯಲ್ಲಿ ಬೈಗುಳ ಬೀಳಬಹುದು. ಅಂಕಪಟ್ಟಿಯ ಬಗ್ಗೆ ಮಗು "ಇದು ನನ್ನ ಅಂಕ ಅಲ್ಲ" ಎಂದರೆ ಅದನ್ನು ನೆಪವೆಂದು ತಳ್ಳಿಹಾಕದೆ, ಉತ್ತರಪತ್ರಿಕೆಯನ್ನು ಎದುರಿಟ್ಟು ನೋಡುವುದು ಪಾಲಕರ ಕರ್ತವ್ಯ. ಯಂತ್ರ ಬರೆದದ್ದರಿಂದ ಸರಿಯೇ ಇರಬೇಕು ಎಂಬ ನಂಬಿಕೆಗೆ ಆಧಾರವಿಲ್ಲ.

ಪರಿಹಾರ ಸರಳ. ಜೋಡಿಸುವ ಕೆಲಸವನ್ನು ಬದಲಾವಣೆಗೆ ಕಟ್ಟಬಾರದು, ಗುಂಡಿಗೆ ಕಟ್ಟಬೇಕು. ಎಲ್ಲ ಅಂಕಗಳನ್ನು ತುಂಬಿ, ಒಮ್ಮೆ ಪರಿಶೀಲಿಸಿ, ಆಮೇಲೆ ಗುಂಡಿ ಒತ್ತಬೇಕು. ಇಲ್ಲಿಂದ ಒಂದು ಸಾಮಾನ್ಯ ನಿಯಮ ಸಿಗುತ್ತದೆ: ಒಂದು ಚೌಕಕ್ಕೆ ಸಂಬಂಧಿಸಿದ ಸಣ್ಣ ಕೆಲಸವನ್ನು ಷರತ್ತಿನೊಡನೆ ತಾನಾಗಿ ಓಡಲು ಬಿಡಬಹುದು. ಇಡೀ ಹಾಳೆಯನ್ನು ಅಲುಗಾಡಿಸುವ ಕೆಲಸಕ್ಕೆ ಮನುಷ್ಯನ ಕೈಯೇ ಚಾಲನೆ ಕೊಡಬೇಕು.

ಕೊನೆಯಿಲ್ಲದ ಸುತ್ತು

ಬದಲಾವಣೆಗೆ ಓಡುವ ಮ್ಯಾಕ್ರೊಗೆ ಇನ್ನೊಂದು ಗಂಡಾಂತರವಿದೆ. ಅದು ತಾನೇ ಒಂದು ಚೌಕದಲ್ಲಿ ಬರೆದಾಗ ಏನಾಗುತ್ತದೆ? ಅದೂ ಒಂದು ಬದಲಾವಣೆಯೇ. ಆದ್ದರಿಂದ ಅದಕ್ಕೆ ಮತ್ತೆ ಕರೆ ಬರುತ್ತದೆ, ಮತ್ತೆ ಬರೆಯುತ್ತದೆ, ಮತ್ತೆ ಕರೆ ಬರುತ್ತದೆ. ಕಂಪ್ಯೂಟರು ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುತ್ತದೆ. ಕೊನೆಗೆ ಎಕ್ಸೆಲ್ ಸ್ತಬ್ಧವಾಗಬಹುದು. ಓಡುತ್ತಿರುವ ಮ್ಯಾಕ್ರೊವನ್ನು ನಿಲ್ಲಿಸಲು ಮೊದಲು ಎಸ್ಕೇಪ್ ಕೀಲಿ ಒತ್ತಿ ನೋಡಬೇಕು.

ಇದಕ್ಕೆ ಎಕ್ಸೆಲ್‌ನಲ್ಲಿ 'ಎನೇಬಲ್ ಈವೆಂಟ್ಸ್' ಎಂಬ ಸ್ವಿಚ್ಚಿದೆ. ಬರೆಯುವ ಮುನ್ನ ಅದನ್ನು ಆರಿಸಬೇಕು, ಬರೆದ ಮೇಲೆ ಹಚ್ಚಬೇಕು. ಆರಿದ್ದಾಗ ಯಾವ ಬದಲಾವಣೆಗೂ ಕರೆ ಹೋಗುವುದಿಲ್ಲ. ಮನೆಯ ವಿದ್ಯುತ್ ರಿಪೇರಿ ಮಾಡುವವರು ಮೊದಲು ಮೇನ್ ಸ್ವಿಚ್ ಆರಿಸುವ ಹಾಗೆ ಇದು.

ಆದರೆ ಈ ಹೋಲಿಕೆಯಲ್ಲಿಯೇ ಒಂದು ಎಚ್ಚರಿಕೆಯೂ ಇದೆ. ಮೇನ್ ಸ್ವಿಚ್ ಆರಿಸಿದರೆ ಒಂದು ಕೋಣೆಯಲ್ಲ, ಇಡೀ ಮನೆಯೇ ಕತ್ತಲಾಗುತ್ತದೆ. 'ಎನೇಬಲ್ ಈವೆಂಟ್ಸ್' ಕೂಡ ಹಾಗೆಯೇ. ಆ ಹೊತ್ತಿಗೆ ಎಕ್ಸೆಲ್‌ನಲ್ಲಿ ತೆರೆದಿರುವ ಎಲ್ಲ ಫೈಲುಗಳಿಗೂ ಅದು ಅನ್ವಯಿಸುತ್ತದೆ. ನಡುವೆ ಏನೋ ದೋಷ ಬಂದು ಮ್ಯಾಕ್ರೊ ಅರ್ಧಕ್ಕೆ ನಿಂತರೆ ಸ್ವಿಚ್ಚು ಆರಿದಂತೆಯೇ ಉಳಿಯುತ್ತದೆ. ಮುಂದೆ ಯಾವ ದಿನಾಂಕವೂ ಬೀಳುವುದಿಲ್ಲ. ನಿನ್ನೆಯವರೆಗೆ ಓಡುತ್ತಿದ್ದ ಮ್ಯಾಕ್ರೊ ಇಂದು ಏಕೆ ಸುಮ್ಮನಿದೆ ಎಂದು ಹುಡುಗರು ತಲೆ ಕೆರೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಆದಕಾರಣ ದೋಷ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನು 'ಆನ್ ಎರರ್' ಎಂಬ ಆದೇಶದಿಂದ ಮೊದಲೇ ಬರೆದಿಟ್ಟು, ಯಾವ ದಾರಿಯಲ್ಲಿ ಹೋದರೂ ಕೊನೆಗೆ ಸ್ವಿಚ್ಚು ಹಚ್ಚಿಯೇ ಹೊರಬರುವಂತೆ ಮಾಡಬೇಕು.

ಗೂಗಲ್ ಶೀಟ್ಸ್‌ನಲ್ಲಿ 'ಆನ್ ಎಡಿಟ್' ಎಂಬುದು ಇದೇ ಕೆಲಸ ಮಾಡುತ್ತದೆ. ಅಲ್ಲಿ ಮನುಷ್ಯ ತಿದ್ದಿದರೆ ಮಾತ್ರ ಕರೆ ಹೋಗುತ್ತದೆ, ಪ್ರೋಗ್ರಾಮು ತಾನೇ ಬರೆದದ್ದಕ್ಕೆ ಹೋಗುವುದಿಲ್ಲ. ಆದ್ದರಿಂದ ಈ ಸುತ್ತಿನ ಭಯವಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ನೆನಪಿಡಬೇಕು. ಎಕ್ಸೆಲ್‌ನ ವಿಷುವಲ್ ಬೇಸಿಕ್ ಮ್ಯಾಕ್ರೊಗಳು ಮೊಬೈಲ್ ಫೋನಿನ ಎಕ್ಸೆಲ್‌ನಲ್ಲಿ ಓಡುವುದಿಲ್ಲ. ತಂದೆ ತೋಟದಿಂದಲೇ ಫೋನಿನಲ್ಲಿ ಔಷಧದ ಹೆಸರು ಬರೆದರೆ ದಿನಾಂಕದ ಚೌಕ ಖಾಲಿಯಾಗಿಯೇ ಇರುತ್ತದೆ.

ಗಡಿಯಾರಕ್ಕೆ ಕಟ್ಟಿದ್ದು

ಸಂಜೆ 6ಕ್ಕೆ ಲೆಕ್ಕದ ಪ್ರತಿಯೊಂದನ್ನು ತಾನಾಗಿ ಉಳಿಸು ಎಂದು 'ಆನ್‌ಟೈಮ್'ಗೆ ಹೇಳಬಹುದು. ಆದರೆ ಆ ಹೊತ್ತಿಗೆ ಎಕ್ಸೆಲ್ ತೆರೆದಿರಬೇಕು. ಎಕ್ಸೆಲ್ ಮುಚ್ಚಿದ್ದರೆ ಅಥವಾ ಕರೆಂಟು ಹೋಗಿ ಕಂಪ್ಯೂಟರ್ ಆರಿದ್ದರೆ ಕೆಲಸ ನಡೆಯುವುದಿಲ್ಲ. ಫೈಲನ್ನು ಮಾತ್ರ ಮುಚ್ಚಿ ಎಕ್ಸೆಲ್ ತೆರೆದೇ ಇಟ್ಟಿದ್ದರೆ, ಗೊತ್ತಾದ ಹೊತ್ತಿಗೆ ಅದು ಆ ಫೈಲನ್ನು ತಾನೇ ಮತ್ತೆ ತೆರೆದು ಮ್ಯಾಕ್ರೊ ಓಡಿಸುತ್ತದೆ. ಮುಚ್ಚಿದ ಫೈಲು ತಾನಾಗಿ ತೆರೆದದ್ದನ್ನು ಕಂಡು ದೆವ್ವದ ಚೇಷ್ಟೆ ಎನ್ನಬೇಕಾಗಿಲ್ಲ. ಗೊತ್ತುಮಾಡಿದ್ದನ್ನು ರದ್ದುಮಾಡಬೇಕಾದರೆ ಮೊದಲು ಕೊಟ್ಟ ಸಮಯವನ್ನೇ ಚಾಚೂ ತಪ್ಪದೆ ಮತ್ತೆ ಹೇಳಬೇಕು. ಹಾಗಾಗಿ ಆ ಸಮಯವನ್ನು ಎಲ್ಲಾದರೂ ಬರೆದಿಟ್ಟುಕೊಂಡು, ಫೈಲು ಮುಚ್ಚುವಾಗ ರದ್ದುಮಾಡುವುದು ಸರಿಯಾದ ಕ್ರಮ.

ಬೇರೆಯವರ ಮ್ಯಾಕ್ರೊ

ಇಲ್ಲಿಯವರೆಗಿನ ಮಾತು ತಾನೇ ಬರೆದ ಮ್ಯಾಕ್ರೊ ಕುರಿತು. ಬೇರೆಯವರು ಬರೆದು ಕಳಿಸಿದ ಫೈಲು ಬಂದಾಗ ಪ್ರಶ್ನೆ ಇನ್ನೂ ಗಂಭೀರವಾಗುತ್ತದೆ. ಫೈಲು ತೆರೆದ ಕೂಡಲೇ ಓಡುವ ಮ್ಯಾಕ್ರೊದಲ್ಲಿ ಏನು ಬರೆದಿದೆ ಎಂದು ನೋಡುವಷ್ಟರಲ್ಲಿ ಅದು ಓಡಿಯೇ ಹೋಗಿರುತ್ತದೆ.

ಈ ದೌರ್ಬಲ್ಯವನ್ನು ದುಷ್ಟರು ಬೇಗನೆ ಕಂಡುಕೊಂಡರು. 1996ರಲ್ಲಿ ಕಾಣಿಸಿಕೊಂಡ 'ಲಾರೂ' ಎಕ್ಸೆಲ್ ಫೈಲುಗಳಲ್ಲಿ ಹರಡಿದ ಮೊದಲ ಮ್ಯಾಕ್ರೊ ವೈರಸ್ಸು. ಅದು ಫೈಲು ತೆರೆದಾಗ ಒಮ್ಮೆ ಎಚ್ಚರಗೊಂಡು, ಆಮೇಲೆ ಹಾಳೆಯಿಂದ ಹಾಳೆಗೆ ಹೋದಾಗಲೆಲ್ಲ ಓಡುವಂತೆ ವ್ಯವಸ್ಥೆ ಮಾಡಿಕೊಳ್ಳುತ್ತಿತ್ತು. ಲೆಕ್ಕವನ್ನು ಕೆಡಿಸುತ್ತಿರಲಿಲ್ಲ, ಬರೀ ಹರಡುತ್ತಿತ್ತು. 1999ರ ಮಾರ್ಚ್‌ನಲ್ಲಿ ಬಂದ 'ಮೆಲಿಸ್ಸಾ' ವರ್ಡ್ ಫೈಲಿನ ಮ್ಯಾಕ್ರೊ. ಫೈಲು ತೆರೆದವರ ವಿಳಾಸ ಪುಸ್ತಕದಿಂದ ಮೊದಲ 50 ವಿಳಾಸಗಳನ್ನು ಹೆಕ್ಕಿ ಅವರಿಗೆಲ್ಲ ತನ್ನನ್ನು ತಾನೇ ಇ-ಮೇಲ್ ಮಾಡಿಕೊಳ್ಳುತ್ತಿತ್ತು. ಪರಿಚಿತರ ಹೆಸರಿನಲ್ಲಿ ಬಂದ ಪತ್ರವೆಂದು ಜನ ನಂಬಿ ತೆರೆದರು. ಅನೇಕ ಸಂಸ್ಥೆಗಳ ಇ-ಮೇಲ್ ವ್ಯವಸ್ಥೆಯೇ ಕುಸಿಯಿತು.

ಆದ್ದರಿಂದ ಈಗ ಎಕ್ಸೆಲ್ ಮ್ಯಾಕ್ರೊಗಳನ್ನು ತಡೆದು ನಿಲ್ಲಿಸಿ, ಮೇಲ್ಭಾಗದಲ್ಲಿ ಹಳದಿ ಪಟ್ಟಿಯೊಂದನ್ನು ತೋರಿಸಿ, 'ಎನೇಬಲ್ ಕಂಟೆಂಟ್' ಎಂಬ ಗುಂಡಿ ಒತ್ತುವಿರಾ ಎಂದು ಕೇಳುತ್ತದೆ. 2022ರಿಂದ ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ ಇನ್ನೂ ಬಿಗಿಯಾಗಿ ತಡೆಯುತ್ತಿದೆ. ಆಗ ಬರುವ ಪಟ್ಟಿಯ ಬಣ್ಣ ಕೆಂಪು, ಅದರಲ್ಲಿ ಒಪ್ಪಿಗೆಯ ಗುಂಡಿಯೇ ಇರುವುದಿಲ್ಲ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲಿಯೂ ಮ್ಯಾಕ್ರೊ ಸುರಕ್ಷತೆಗೆ ನಾಲ್ಕು ಹಂತಗಳಿವೆ. ಎಲ್ಲವನ್ನೂ ಓಡಲು ಬಿಡುವ ಅತಿ ಕೆಳಗಿನ ಹಂತವನ್ನು ಯಾರ ಮಾತು ಕೇಳಿಯೂ ಆರಿಸಬಾರದು.

ಪಾಲಕರಿಗೆ ಇಲ್ಲಿ ಒಂದು ಕಿವಿಮಾತು. ವಿದ್ಯಾರ್ಥಿವೇತನದ ಪಟ್ಟಿ, ಪರೀಕ್ಷೆಯ ಫಲಿತಾಂಶ, ತೆರಿಗೆ ಲೆಕ್ಕ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಫೈಲುಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಪಟ್ಟಿಯನ್ನು ಓದಲು ಮ್ಯಾಕ್ರೊ ಬೇಕಾಗಿಲ್ಲ. ಹೆಸರು ಹುಡುಕುವುದಕ್ಕೂ 'ಎನೇಬಲ್ ಕಂಟೆಂಟ್' ಒತ್ತಿ ಎನ್ನುವ ಫೈಲನ್ನು ಸಂಶಯದಿಂದ ನೋಡಬೇಕು. ಫೈಲಿನ ಹೆಸರಿನ ಕೊನೆಯೂ ಸುಳಿವು ಕೊಡುತ್ತದೆ. 'ಎಕ್ಸ್‌ಎಲ್‌ಎಸ್‌ಎಕ್ಸ್' ಎಂದು ಮುಗಿಯುವ ಫೈಲಿನೊಳಗೆ ಮ್ಯಾಕ್ರೊ ಇರಲಾರದು, 'ಎಕ್ಸ್‌ಎಲ್‌ಎಸ್‌ಎಂ' ಎಂದು ಮುಗಿದರೆ ಇರಬಹುದು. ಬರೀ 'ಎಕ್ಸ್‌ಎಲ್‌ಎಸ್' ಎಂದು ಮುಗಿಯುವ ಹಳೆಯ ಬಗೆಯ ಫೈಲುಗಳಲ್ಲಿಯೂ ಇರಬಹುದು. ಕಳಿಸಿದವರು ಪರಿಚಿತರೆಂಬುದೊಂದೇ ಭರವಸೆಯಲ್ಲ. ಅವರಿಗೆ ಯಾರು ಕಳಿಸಿದರು ಎಂದು ಫೋನು ಮಾಡಿ ಕೇಳುವುದು ಒಳ್ಳೆಯದು.

ಮಾಡಿ ನೋಡಲು

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಶಾಲೆಯ ಅಥವಾ ಮನೆಯ ಕಂಪ್ಯೂಟರಿನಲ್ಲಿ ಮಾಡಬಹುದು. ಮೊದಲ ನಿಯಮ, ಅಸಲು ಫೈಲನ್ನು ಮುಟ್ಟದೆ ಪ್ರತಿಯೊಂದನ್ನು ತೆಗೆದುಕೊಂಡು ಅದರಲ್ಲಿಯೇ ಪ್ರಯೋಗ ಮಾಡಬೇಕು.

ಒಂದು ಹಾಳೆಯಲ್ಲಿ ಮನೆಯ ವಾರದ ಖರ್ಚು ಬರೆಯುವ ಮೂರು ಕಾಲಂ ಮಾಡಿ: ಸಾಮಾನು, ಬೆಲೆ, ಬರೆದ ದಿನ. ಸಾಮಾನಿನ ಹೆಸರು ಬರೆದಾಗ ಮಾತ್ರ ದಿನಾಂಕ ಬೀಳುವಂತೆ ಮೇಲಿನ ಮೂರು ಪ್ರಶ್ನೆಗಳೊಡನೆ ಮ್ಯಾಕ್ರೊ ಬರೆಯಿರಿ. ಆಮೇಲೆ ನಾಲ್ಕು ಪರೀಕ್ಷೆ ನಡೆಸಿ. ಬೆಲೆಯನ್ನು ತಿದ್ದಿದಾಗ ದಿನಾಂಕ ಅಲುಗುವುದೇ? ಸಾಮಾನಿನ ಹೆಸರಿನಲ್ಲಿ ಕಾಗುಣಿತ ತಿದ್ದಿದರೆ? ಹೆಸರನ್ನು ಅಳಿಸಿದರೆ? ಹತ್ತು ಹೆಸರುಗಳನ್ನು ಒಮ್ಮೆಗೇ ಅಂಟಿಸಿದರೆ? ಕೊನೆಯ ಪರೀಕ್ಷೆಯಲ್ಲಿ ಅನೇಕರ ಮ್ಯಾಕ್ರೊ ಎಡವುತ್ತದೆ. ಬದಲಾದದ್ದು ಒಂದೇ ಚೌಕ ಎಂದು ಅವರು ಊಹಿಸಿರುತ್ತಾರೆ. ಅಂಟಿಸಿದಾಗ ಹತ್ತು ಚೌಕಗಳು ಒಟ್ಟಿಗೆ ಬದಲಾಗುತ್ತವೆ, ಕರೆ ಮಾತ್ರ ಒಂದೇ ಸಲ ಬರುತ್ತದೆ. ಪ್ರತಿ ಚೌಕವನ್ನೂ ಒಂದೊಂದಾಗಿ ನೋಡುವಂತೆ ಮ್ಯಾಕ್ರೊವನ್ನು ತಿದ್ದುವುದು ಮುಂದಿನ ಅಭ್ಯಾಸ.

ಇನ್ನೊಂದು ಒಳ್ಳೆಯ ರೂಢಿ, ಮ್ಯಾಕ್ರೊ ಓಡಿದಾಗಲೆಲ್ಲ 'ದಾಖಲೆ' ಎಂಬ ಬೇರೆ ಹಾಳೆಯಲ್ಲಿ ಒಂದು ಸಾಲು ಬರೆಯುವಂತೆ ಮಾಡುವುದು: ಯಾವಾಗ ಓಡಿತು, ಯಾವ ಚೌಕ ಬದಲಾಯಿತು, ಅಲ್ಲಿ ಈಗ ಏನಿದೆ. ವಾರದ ಕೊನೆಗೆ ಆ ಹಾಳೆಯನ್ನು ತೆರೆದು ಓದಿದರೆ, ಯಾರೂ ಹೇಳದಿದ್ದಾಗ ಓಡಿದ ಮ್ಯಾಕ್ರೊ ತಾನಾಗಿ ಸಿಕ್ಕಿಬೀಳುತ್ತದೆ.